ಶಾವಿಗೆ ಒತ್ತುವಷ್ಟರಲ್ಲಿ

ಜೂನ್ ಮುಗಿಯುತ್ತಾ ಬಂತು ಅನ್ನುವಾಗ ನಮ್ಮ ಮನೆಗೆ ಎರಡು ತಪ್ಪದೆ ಬರುತ್ತವೆ. ಗೋಡೆಗೆ ಬೂಷ್ಟು, ಫೋನಿಗೆ ತಂಗಿಯ ಮಗನ ಮೆಸೇಜು. ಬೂಷ್ಟನ್ನು ಬಟ್ಟೆಯಲ್ಲಿ ಒರೆಸಬಹುದು. ಮೆಸೇಜಿನಲ್ಲಿ ಎರಡೇ ಪದ ಇರುತ್ತದೆ. "ದೊಡ್ಡಮ್ಮ, ಹೆಸರು?"

ಲಂಡನ್ನಿನ ವಿಂಬಲ್ಡನ್ ಟೆನಿಸ್ ಶುರುವಾಗುವ ಹಿಂದಿನ ರಾತ್ರಿಯೊಳಗೆ ನಾವು ಒಂಬತ್ತು ಮಂದಿ ಬಂಧುಗಳು ತಲಾ 100 ರೂಪಾಯಿ ಹಾಕಿ, ಮಹಿಳೆಯರ ಸಿಂಗಲ್ಸ್ ಯಾರು ಗೆಲ್ಲುತ್ತಾರೆ ಅಂತ ಒಂದೊಂದು ಹೆಸರು ಹೇಳಬೇಕು. ಗಂಡಸರದ್ದು ಬೇಡ ಅಂತ ಮೊದಲೇ ತೀರ್ಮಾನ ಆಗಿದೆ. ಅಲ್ಲಿ ಈಚೆಗೆ ಇಬ್ಬರದೇ ಕಾರುಬಾರು, 100 ರೂಪಾಯಿಯ ಮಜಾ ಇರುವುದಿಲ್ಲ. ಯಾರದ್ದೂ ಸರಿಯಾಗದಿದ್ದರೆ ಒಟ್ಟು ದುಡ್ಡು ಮಸಾಲೆ ದೋಸೆಗೆ. ಕೆಲವು ವರ್ಷಗಳಿಂದ ನಾವು ಬೇಕಾದಷ್ಟು ದೋಸೆ ತಿಂದಿದ್ದೇವೆ.

ನನ್ನ ದಾಖಲೆ ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ. 2022ರಲ್ಲಿ ಟ್ಯುನೀಷಿಯಾದ ಒನ್ಸ್ ಜಬೇರ್ ಅಂದೆ. ಫೈನಲ್‌ವರೆಗೆ ಬಂದು ರಿಬಾಕಿನಾಗೆ ಸೋತಳು. ಹಟಕ್ಕೆ ಬಿದ್ದು 2023ರಲ್ಲೂ ಜಬೇರ್ ಅಂದೆ. ಮತ್ತೆ ಫೈನಲ್, ಮತ್ತೆ ಸೋಲು. ಅಂಗಳದಲ್ಲಿ ನಿಂತು ಅವಳು ಅತ್ತಾಗ ನನಗೂ ಕಣ್ಣು ತುಂಬಿತು. 200 ರೂಪಾಯಿಯೂ ಸ್ವಲ್ಪ ನೆನಪಾಯಿತು. 2024ರಲ್ಲಿ ಬುದ್ಧಿ ಕಲಿತು ರಿಬಾಕಿನಾ ಅಂದೆ. ಸೆಮಿಫೈನಲ್‌ನಲ್ಲಿ ಬಾರ್ಬೊರಾ ಕ್ರೆಜಿಕೋವಾ ಅವಳ ಕಥೆ ಮುಗಿಸಿದಳು. 2025ರಲ್ಲಿ ಕೊಕೊ ಗಾಫ್ ಅಂದೆ. ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಗೆದ್ದು ಬಿಸಿಬಿಸಿಯಾಗಿ ಬಂದಿದ್ದಾಳೆ, ಇನ್ಯಾರು ತಡೆಯುತ್ತಾರೆ ಅಂತ. ಮೊದಲ ಸುತ್ತಿನಲ್ಲೇ ಉಕ್ರೇನಿನ ಯಾಸ್ಟ್ರೆಮ್ಸ್ಕಾ ತಡೆದಳು. ಎರಡು ವಾರದ ಟೂರ್ನಿ, ನನ್ನದು ಎರಡೇ ದಿನಕ್ಕೆ ಮುಗಿದಿತ್ತು.

ಈ ಸಲ ಹಾಗಾಗಬಾರದು ಅಂತ ಕನ್ನಡಕ ಹಾಕಿಕೊಂಡು ಮುನ್ನೋಟಗಳನ್ನೆಲ್ಲ ಓದಿದೆ. ಸಿಟ್ಟು ಬಂತು. "ಪ್ರಶಸ್ತಿ ಗೆಲ್ಲಬಲ್ಲ ಹತ್ತು ಮಂದಿ" ಅಂತ ತಲೆಬರಹ. ಹತ್ತು ಹೆಸರು ಹೇಳುವುದಕ್ಕೆ ಪಂಡಿತರು ಯಾಕೆ ಬೇಕು? ರ‍್ಯಾಂಕಿಂಗ್ ಪಟ್ಟಿಯ ಮೊದಲ ಹತ್ತು ಸಾಲು ಕತ್ತರಿಸಿ ಅಂಟಿಸಿದರೆ ಆಯಿತು. ಅದೂ ಸಾಲದೆ ಕೆಳಗೆ "ಅಚ್ಚರಿ ಮೂಡಿಸಬಲ್ಲ ಐವರು" ಅಂತ ಬೇರೆ. ಕೊನೆಗೆ "ಹುಲ್ಲಿನಂಕಣದಲ್ಲಿ ಏನು ಬೇಕಾದರೂ ಆಗಬಹುದು" ಅಂತ ಒಗ್ಗರಣೆ. ಇದಕ್ಕಿಂತ ಪಂಚಾಂಗ ವಾಸಿ. ಮಳೆ ಇಷ್ಟು ಕೊಳಗ, ಗಾಳಿ ಇಷ್ಟು ಅಂತ ಅಳತೆ ಕೊಟ್ಟು ಧೈರ್ಯವಾಗಿ ಸುಳ್ಳಾಗುತ್ತದೆ. ಇವರು ಸುಳ್ಳಾಗುವುದಕ್ಕೂ ತಯಾರಿಲ್ಲ.

ನನ್ನ ಹತ್ತಿರ ಈ ಸಲ ಒಂದು ಲೆಕ್ಕ ಇದೆ. ಪಕ್ಕಾ ಲೆಕ್ಕ. ಆಮೇಲೆ ಹೇಳುತ್ತೇನೆ.

ಮುನ್ನೋಟ ಬರೆಯುವವರ ಕಷ್ಟ ನನಗೂ ಅರ್ಥವಾಗುತ್ತದೆ. ವರ್ಷವಿಡೀ ಸಿಮೆಂಟಿನಂಥ ನೆಲದ ಮೇಲೋ ಮಣ್ಣಿನ ಮೇಲೋ ಆಡಿದವರು ಪ್ಯಾರಿಸ್ ಮುಗಿದ ಮೂರೇ ವಾರಕ್ಕೆ ಹುಲ್ಲಿನ ಮೇಲೆ ನಿಲ್ಲಬೇಕು. ಆ ಹುಲ್ಲೂ 8 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದ್ದು. ಅದರ ಮೇಲೆ ಚೆಂಡು ಪುಟಿಯುವ ಬದಲು ಜಾರಿಕೊಂಡು ಬರುತ್ತದೆ. ಅಭ್ಯಾಸ ಆಗುವಷ್ಟರಲ್ಲಿ ಅರ್ಧ ಮಂದಿ ಮನೆಗೆ ಹೋಗಿರುತ್ತಾರೆ. 2025ರಲ್ಲಿ ವಿಂಬಲ್ಡನ್‌ಗೆ ಎರಡು ದಿನ ಮೊದಲು ಜರ್ಮನಿಯ ಬಾಡ್ ಹೋಂಬರ್ಗ್‌ನ ಹುಲ್ಲಿನ ಮೇಲೆ ಜೆಸ್ಸಿಕಾ ಪೆಗುಲಾ ಫೈನಲ್‌ನಲ್ಲಿ ಇಗಾ ಶ್ವಾಂಟೆಕ್‌ಳನ್ನು ಸೋಲಿಸಿದಳು. ಬುದ್ಧಿ ಇರುವವರು ಏನು ಹೇಳಬೇಕು? ಪೆಗುಲಾ ಅನ್ನಬೇಕು. ಪೆಗುಲಾ ವಿಂಬಲ್ಡನ್‌ನ ಮೊದಲ ಸುತ್ತಿನಲ್ಲೇ ಸೋತಳು. ಶ್ವಾಂಟೆಕ್ ಕಪ್ ಎತ್ತಿದಳು. ಕಪ್ ಅಂದರೆ ತಟ್ಟೆ. ಹೆಂಗಸರಿಗೆ ಅಲ್ಲಿ ಕೊಡುವುದು ತಟ್ಟೆ, ಗಂಡಸರಿಗೆ ಮೇಲೆ ಅನಾನಸ್ ಇರುವ ಕಪ್. ಯಾಕೆ ಅಂತ ನನ್ನನ್ನು ಕೇಳಬೇಡಿ.

2023ರದ್ದಂತೂ ಇನ್ನೂ ಚೆಂದ. ಮರ್ಕೆಟಾ ವೊಂಡ್ರೊಸೊವಾ ಅದರ ಹಿಂದಿನ ವರ್ಷ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಲಂಡನ್‌ಗೆ ಬಂದಿದ್ದು ಪ್ರವಾಸಿಯಾಗಿ, ಗೆಳತಿಯ ಆಟ ನೋಡುವುದಕ್ಕೆ. ಮರುವರ್ಷ, ಟೂರ್ನಿಯವರು ಮುಂಚೂಣಿಯ ಆಟಗಾರ್ತಿಯರಿಗೆ ಕೊಡುವ ಶ್ರೇಯಾಂಕವೇ ಇಲ್ಲದೆ, 42ನೇ ರ‍್ಯಾಂಕಿನಲ್ಲಿ ಬಂದು ಗೆದ್ದಳು. ಶ್ರೇಯಾಂಕವಿಲ್ಲದ ಹೆಂಗಸು ಅಲ್ಲಿ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು. ಅವಳ ಗಂಡ ಬೆಕ್ಕು ನೋಡಿಕೊಳ್ಳಲು ಊರಿನಲ್ಲೇ ಉಳಿದಿದ್ದ. ಬೆಕ್ಕಿಗೊಂದು ವ್ಯವಸ್ಥೆ ಮಾಡಿ ಫೈನಲ್‌ಗೆ ಮಾತ್ರ ಬಂದ. ಮುನ್ನೋಟದವರು ಅವನಿಗಿಂತ ಜಾಸ್ತಿ ನಂಬಬೇಕಿತ್ತು ಅಂತ ನಾನೂ ಹೇಳಲಾರೆ.

ನನಗೆ ತಡೆಯಲಾಗದ ಮಾತು ಒಂದಿದೆ. "ಮಹಿಳಾ ಟೆನಿಸ್‌ಗೆ ಈಗ ರಾಣಿ ಇಲ್ಲ, ಸ್ಥಿರತೆ ಇಲ್ಲ" ಅನ್ನುವುದು. ಸೆರೆನಾ ವಿಲಿಯಮ್ಸ್ ಇಲ್ಲಿ ಏಳು ಸಲ ಗೆದ್ದಾಗ ಇದೇ ಜನ "ಬೋರ್, ಸ್ಪರ್ಧೆಯೇ ಇಲ್ಲ" ಅನ್ನುತ್ತಿದ್ದರು. ಈಗ ವರ್ಷಕ್ಕೊಬ್ಬಳು ಗೆದ್ದರೆ ಸ್ಥಿರತೆ ಇಲ್ಲ. ಒಬ್ಬಳೇ ಗೆದ್ದರೂ ತಪ್ಪು, ಎಲ್ಲರೂ ಗೆದ್ದರೂ ತಪ್ಪು. ಸೊಸೆಯಾಗಿ ಬಾಳಿದ ಯಾರಿಗಾದರೂ ಈ ರಾಗ ಚೆನ್ನಾಗಿ ಗೊತ್ತು. 1981ರಲ್ಲಿ ಆಡಿ ಗೆದ್ದವಳು ಕ್ರಿಸ್ ಎವರ್ಟ್. ವಿಂಬಲ್ಡನ್ ಗೆದ್ದವರ ಹೆಸರಿನ ಫಲಕದಲ್ಲಿ ಬರೆದದ್ದು ಮಿಸೆಸ್ ಜೆ. ಎಂ. ಲಾಯ್ಡ್ ಅಂತ, ಗಂಡನ ಇನಿಷಿಯಲ್ ಹಾಕಿ. ಆ ಫಲಕದಿಂದ ಮಿಸ್, ಮಿಸೆಸ್ ತೆಗೆದುಹಾಕಿದ್ದು 2022ರಲ್ಲಿ. ಗಂಡಸರ ಫಲಕದಲ್ಲಿ ಮಿಸ್ಟರ್ ಅಂತ ಇರಲೇ ಇಲ್ಲ. ಇರಲಿ, ಬಿಪಿ ಏರುತ್ತದೆ.

ಶಾವಿಗೆಗೆ ಬರುತ್ತೇನೆ.

2025ರ ಟೂರ್ನಿ ನಡೆಯುತ್ತಿದ್ದಾಗ ಶ್ವಾಂಟೆಕ್ ತನ್ನ ಬಾಲ್ಯದ ಊಟದ ಬಗ್ಗೆ ಹೇಳಿದಳು. ಸ್ಟ್ರಾಬೆರಿ ಹಾಕಿದ ಪಾಸ್ತಾ. ಸುಮ್ನೆ ಬೇಯಿಸಿದ ಪಾಸ್ತಾಕ್ಕೆ ಹಣ್ಣು ಜಜ್ಜಿ, ಮೇಲೆ ಮೊಸರೋ ಕೆನೆಯೋ ಹಾಕಿ ತಿನ್ನುವುದು. ಪೋಲೆಂಡಿನ ಮನೆಗಳಲ್ಲಿ ಬೇಸಿಗೆಯ ಮಾಮೂಲಿ ಊಟವಂತೆ. ಟಿವಿಯಲ್ಲಿ ಮಾತಾಡುವವರು ನಕ್ಕಿದ್ದೇ ನಕ್ಕಿದ್ದು. ಪಾಸ್ತಾಕ್ಕೆ ಹಣ್ಣಾ, ಇಶ್ಶೀ ಅಂತ. ನಾನು ಮಾತ್ರ ಸೋಫಾದಲ್ಲಿ ನೆಟ್ಟಗೆ ಕೂತೆ. ಇದರಲ್ಲಿ ನಗುವುದೇನಿದೆ? ಒತ್ತು ಶಾವಿಗೆಗೆ ಬಾಳೆಹಣ್ಣಿನ ರಸಾಯನ ಸುರಿದುಕೊಂಡು ತಿನ್ನುತ್ತಾ ಮಲೆನಾಡಿನಲ್ಲಿ ನಾವೆಲ್ಲ ಬೆಳೆದಿಲ್ಲವೆ? ಉತ್ತರ ಕರ್ನಾಟಕದವರು ಶಾವಿಗೆಗೆ ಮಾವಿನ ಸೀಕರಣೆ ಹಾಕಿಕೊಳ್ಳುವುದಿಲ್ಲವೆ? ಎಳೆ ಎಳೆ ಹಿಟ್ಟು, ಮೇಲೆ ಸಿಹಿ ಹಣ್ಣು. ಅವಳ ಊರು ವಾರ್ಸಾ, ನನ್ನದು ತೀರ್ಥಹಳ್ಳಿ ಹತ್ತಿರ. ಅಷ್ಟೇ ವ್ಯತ್ಯಾಸ.

ಆ ಗಳಿಗೆಯಿಂದ ಹುಡುಗಿ ನಮ್ಮ ಮನೆಯವಳಾದಳು. ಫೈನಲ್ ಶನಿವಾರ, ಜುಲೈ 12. ನಮ್ಮಲ್ಲಿ ರಾತ್ರಿ ಎಂಟೂವರೆಗೆ. ಅವತ್ತು ರಾತ್ರಿ ಊಟಕ್ಕೆ ಒತ್ತು ಶಾವಿಗೆ ಅಂತ ನಾನು ಘೋಷಿಸಿದೆ. ಮನೆಯವರು "ಇಬ್ಬರಿಗೆ ಯಾಕೆ ಅಷ್ಟು ರಂಪ, ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ" ಅಂದರು. ಪ್ಯಾಕೆಟ್ ಶಾವಿಗೆಗೆ ರಸಾಯನ ಹಾಕಿಕೊಳ್ಳುವವರ ಜೊತೆ ಮೂವತ್ತು ವರ್ಷ ಬಾಳಿದ್ದೇನೆ, ಅದು ಬೇರೆ ಪ್ರಬಂಧ.

ನಮ್ಮ ಶಾವಿಗೆ ಮಣೆ ಅಜ್ಜಿಯದ್ದು. ಅಜ್ಜಿಗೆ ಅವಳ ಅತ್ತೆಯಿಂದ ಬಂದದ್ದು. ಮೂರು ಕಾಲಿನ ಮರದ ಮಣೆ, ನಡುವೆ ಹಿತ್ತಾಳೆಯ ತೂತಿನ ಬಿಲ್ಲೆ, ಮೇಲೆ ಉದ್ದನೆಯ ಹಿಡಿ. ಚಿಕ್ಕಂದಿನಲ್ಲಿ ಆ ಹಿಡಿಗೆ ಜೋತುಬೀಳುವುದಕ್ಕೆ ನಮ್ಮಲ್ಲಿ ದೊಡ್ಡ ಪೈಪೋಟಿ. ರಜೆಗೆ ಬಂದ ಹನ್ನೊಂದು ಮೊಮ್ಮಕ್ಕಳಲ್ಲಿ ತೂಕ ಇರುವವರಿಗೇ ಅವಕಾಶ. ನಾನು ಸಣಕಲಿ, ಎಷ್ಟೋ ವರ್ಷ ಬರೀ ಮಣೆಯ ಕಾಲು ಹಿಡಿದೆ. ಒಂದು ಬೇಸಿಗೆ ಅಜ್ಜಿ ಹೆಸರು ಕರೆಯುವ ಮೊದಲು ಮೂರು ಲೋಟ ನೀರು ಕುಡಿದು ಭಾರ ಮಾಡಿಕೊಂಡು ನಿಂತಿದ್ದೆ. ಅಜ್ಜಿ ಕರೆದದ್ದು ಆವರೆಗೆ ಯಾರೂ ಲೆಕ್ಕಕ್ಕೇ ಇಟ್ಟಿರದ, ಜ್ವರದಿಂದ ಎದ್ದ, ನನಗಿಂತ ಪೀಚಲಾದ ಚಿಕ್ಕಪ್ಪನ ಮಗಳನ್ನು. ಅವಳು ಹಿಡಿಗೆ ಜೋತುಬಿದ್ದಳು. ಹಿಡಿ ಅಲ್ಲಾಡಲಿಲ್ಲ. ಅಜ್ಜಿ ತಾನೇ ಮೇಲಿಂದ ಅದುಮಿ, "ಎಷ್ಟು ಚೆಂದ ಒತ್ತಿದಳು ನೋಡಿ" ಅಂದಳು. ಆ ಅನ್ಯಾಯ ನನಗೆ ಇವತ್ತಿಗೂ ಮರೆತಿಲ್ಲ. ಹೋದ ತಿಂಗಳು ಮದುವೆಯೊಂದರಲ್ಲಿ ಸಿಕ್ಕಾಗ ಅವಳಿಗೆ ನೆನಪು ಮಾಡಿದೆ. "ಯಾವ ಶಾವಿಗೆ?" ಅಂದಳು. ಮೂರು ಲೋಟ ನೀರು!

ಮಧ್ಯಾಹ್ನ ಅಕ್ಕಿ ನೆನೆಹಾಕಿದೆ. ಸಂಜೆ ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಮಗುಚಿ, ಉಂಡೆ ಕಟ್ಟಿದೆ. ಈ ಉಂಡೆ ಹಬೆಯಲ್ಲಿ ಬೆಂದ ಕೂಡಲೇ ಬಿಸಿ ಇರುವಾಗಲೇ ಒತ್ತಬೇಕು. ಆರಿದರೆ ಆನೆ ಬಂದರೂ ಆಗುವುದಿಲ್ಲ. ಹಾಗಾಗಿ ಸಮಯ ಲೆಕ್ಕ ಹಾಕಿದೆ. ಎದುರಾಳಿ ಅಮಾಂಡ ಅನಿಸಿಮೊವಾ. ಸೆಮಿಫೈನಲ್‌ನಲ್ಲಿ ನಂಬರ್ ಒನ್ ಸಬಲೆಂಕಾಳನ್ನು ಮೂರು ಸೆಟ್‌ನಲ್ಲಿ ಕೆಡವಿದವಳು. 2023ರಲ್ಲಿ ಮನಸ್ಸಿಗೆ ಸಾಕಾಯಿತು ಅಂತ ಆಟ ಬಿಟ್ಟು ಕೂತಿದ್ದವಳು, 2024ರಲ್ಲಿ ಇದೇ ವಿಂಬಲ್ಡನ್‌ನ ಅರ್ಹತಾ ಸುತ್ತಿನಲ್ಲಿ ಸೋತಿದ್ದವಳು. ಇಂಥವಳು ಸುಲಭಕ್ಕೆ ಬಿಡುತ್ತಾಳೆಯೆ? "ಮೂರು ಸೆಟ್ ಖಂಡಿತ, ಎರಡು ಗಂಟೆಗೆ ಕಡಿಮೆ ಇಲ್ಲ" ಅಂತ ಮನೆಯವರಿಗೆ ಹೇಳಿದೆ. ಮೊದಲ ಸೆಟ್‌ಗೆ ರಸಾಯನ. ಎರಡನೆಯದಕ್ಕೆ ಉಂಡೆ ಬೇಯಿಸಿ ಒತ್ತುವುದು. ಮೂರನೆಯದಕ್ಕೆ ತಟ್ಟೆ ಹಿಡಿದು ಟಿವಿ ಮುಂದೆ.

ಕಾಯಿ ತುರಿದು ಹಾಲು ಹಿಂಡುವಷ್ಟರಲ್ಲಿ ಮೊದಲ ಸೆಟ್ 6–0. ಬೆಲ್ಲ ಕರಗುವಷ್ಟರಲ್ಲಿ ಎರಡನೆಯದರ ಎರಡು ಗೇಮ್ ಹೋಗಿತ್ತು. ಒಲೆ ದೊಡ್ಡದು ಮಾಡಿದೆ. "ಇವಳು ಒಂದಾದರೂ ಗೇಮ್ ತಗೊಳ್ಳಲಿ, ಉಂಡೆ ಬೇಯಬೇಕು" ಅಂತ ಅಡುಗೆಮನೆಯಿಂದಲೇ ಕೂಗಿದೆ. ನನ್ನ ಜನ್ಮದಲ್ಲಿ ಯಾವ ಆಟಗಾರ್ತಿಗೂ ಅಷ್ಟು ಮನಸಾರೆ ಹಾರೈಸಿರಲಿಲ್ಲ, ಅದೂ ನಮ್ಮವಳ ಎದುರಾಳಿಗೆ. ಮೊದಲ ಉಂಡೆ ಮಣೆಗೆ ಹಾಕಿ, ಮನೆಯವರು ಕಾಲು ಹಿಡಿದು, ನಾನು ಹಿಡಿ ಅದುಮಿದೆ. ಈಗ ತೂಕಕ್ಕೇನೂ ಕೊರತೆ ಇಲ್ಲ. ನಾಲ್ಕು ಎಳೆ ಕೆಳಗಿಳಿಯಿತು. ಹಾಲ್‌ನಿಂದ ಚಪ್ಪಾಳೆ. 6–0, 6–0. ಒಟ್ಟು 57 ನಿಮಿಷ.

ವಿಂಬಲ್ಡನ್‌ನ ಮಹಿಳಾ ಫೈನಲ್ ಹೀಗೆ ಮುಗಿದಿದ್ದು 1911ರ ನಂತರ ಇದೇ ಮೊದಲಂತೆ. 1911ರಲ್ಲಿ ನಮ್ಮ ಮಣೆ ಅಜ್ಜಿಯ ಅತ್ತೆಯ ಮನೆಯಲ್ಲಿತ್ತು. ಅವತ್ತಿಗೂ ಯಾರೋ ಶಾವಿಗೆ ಒತ್ತುತ್ತಿದ್ದಿರಬೇಕು.

ಅಂಗಳದಲ್ಲಿ ಅನಿಸಿಮೊವಾ ಮೈಕ್ ಹಿಡಿದು, ಅವತ್ತು ಬೆಳಿಗ್ಗೆಯಷ್ಟೇ ವಿಮಾನ ಇಳಿದ ಅಮ್ಮನ ಬಗ್ಗೆ ಹೇಳುತ್ತಾ ಅಳುತ್ತಿದ್ದಳು. ನಾನು ಸೌಟು ಹಿಡಿದು ನಿಂತು ನೋಡಿದೆ. ಎರಡನೇ ಉಂಡೆ ಆರಿಹೋಯಿತು. ಮನೆಯವರು ಪ್ಯಾಕೆಟ್ ವಿಷಯ ಎತ್ತಲಿಲ್ಲ. ಅದೊಂದು ಪುಣ್ಯ. ಸೆಪ್ಟೆಂಬರಿನಲ್ಲಿ ಯುಎಸ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಅನಿಸಿಮೊವಾ ಅದೇ ಶ್ವಾಂಟೆಕ್‌ಳನ್ನು ಎರಡೇ ಸೆಟ್‌ನಲ್ಲಿ ಸೋಲಿಸಿದಳು. ಎರಡೂ ಫಲಿತಾಂಶವನ್ನು ಮೊದಲೇ ಹೇಳಿದವರು ಯಾರಾದರೂ ಇದ್ದರೆ ನನ್ನ 100 ರೂಪಾಯಿ ಅವರಿಗೇ ಇರಲಿ.

ಲೆಕ್ಕ ಹೇಳುತ್ತೇನೆ ಅಂದಿದ್ದೆ, ಅಲ್ವಾ? ಬಹಳ ಸರಳ. 2017ರಿಂದ 2025ರವರೆಗೆ ನಡೆದದ್ದು ಎಂಟು ವಿಂಬಲ್ಡನ್. 2020ರಲ್ಲಿ ಕೊರೊನಾ, ಆಟ ಇರಲಿಲ್ಲ. ಎಂಟಕ್ಕೆ ಎಂಟು ಬೇರೆ ಬೇರೆ ಹೆಸರು. ಮುಗುರುಜಾ, ಕೆರ್ಬರ್, ಹಾಲೆಪ್, ಬಾರ್ಟಿ, ರಿಬಾಕಿನಾ, ವೊಂಡ್ರೊಸೊವಾ, ಕ್ರೆಜಿಕೋವಾ, ಶ್ವಾಂಟೆಕ್. ಅಂದರೆ ಇಲ್ಲಿ ಗೆದ್ದವರು ಮತ್ತೆ ಗೆಲ್ಲುವುದಿಲ್ಲ, ಅವರ ಹೆಸರು ಹೊಡೆದುಹಾಕಬೇಕು. ಮೊದಲ ನಾಲ್ವರು ಆಟವನ್ನೇ ಬಿಟ್ಟಿದ್ದಾರೆ. ಬಾರ್ಟಿಯಂತೂ ನಂಬರ್ ಒನ್ ಆಗಿದ್ದಾಗಲೇ, 25ನೇ ವಯಸ್ಸಿಗೆ ಸಾಕು ಅಂತ ಎದ್ದು ಹೋದಳು. ಉಳಿದ ನಾಲ್ವರೂ ಬಂದರು ಅಂತಲೇ ಇಟ್ಟುಕೊಳ್ಳಿ. ಕಣದಲ್ಲಿರುವ 128 ಮಂದಿಯಲ್ಲಿ ನಾಲ್ಕು ಕಳೆದೆ.

124 ಉಳಿಯಿತು.

ಅದರಲ್ಲಿ ಸಬಲೆಂಕಾ ಇದ್ದಾಳೆ. ಮೂರು ಸಲ ಸೆಮಿಫೈನಲ್‌ಗೆ ಬಂದು ಮೂರೂ ಸಲ ಸೋತವಳು. ಪಾಪ ಅನ್ನಿಸುತ್ತದೆ. ಪಾಪ ಅನ್ನಿಸಿದವರಿಗೆ ಹಾಕಿದ ದುಡ್ಡು ಏನಾಗುತ್ತದೆ ಅಂತ ಜಬೇರ್ ಕಲಿಸಿದ್ದಾಳೆ. ಗಾಫ್ ಇದ್ದಾಳೆ, ಅವಳ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅನಿಸಿಮೊವಾ ಇದ್ದಾಳೆ. ಅವಳ ಹೆಸರು ಟೈಪ್ ಮಾಡಿ, ಆರಿದ ಉಂಡೆ ನೆನಪಾಗಿ ಅಳಿಸಿದೆ. ಮತ್ತೆ ಟೈಪ್ ಮಾಡಿದೆ.

ಫೋನು ಟಿಂಗ್ ಅಂತು. "ದೊಡ್ಡಮ್ಮ, ಎಲ್ಲರದೂ ಬಂತು. ನಿನ್ನದೊಂದೇ ಬಾಕಿ. ಹೆಸರು?"

ಅಟ್ಟದ ಮೇಲಿಂದ ಮನೆಯವರು ಕೇಳುತ್ತಿದ್ದಾರೆ, ಶಾವಿಗೆ ಮಣೆಯ ಹಿತ್ತಾಳೆ ಬಿಲ್ಲೆ ಎಲ್ಲಿಟ್ಟಿದ್ದೀ ಅಂತ.