ಹೊಳೆ ನೋಡಲು ಹೋಗಿ ಕೋಸು ಹೊತ್ತು ತಂದದ್ದು

ಇಳಿಯುವ ಸ್ಟೇಷನ್ ಬರೋ ಹತ್ತು ನಿಮಿಷ ಮೊದಲೇ ಬ್ಯಾಗು ಹಿಡಿದು ಬಾಗಿಲ ಹತ್ತಿರ ನಿಲ್ಲುವುದು ನನ್ನ ಚಾಳಿ. ತಿಪಟೂರಲ್ಲಿ ರೈಲು ನಿಲ್ಲೋದೇ ಎರಡು ನಿಮಿಷ ಅಂತ ಅಪ್ಪ ಚಿಕ್ಕಂದಿನಲ್ಲಿ ಹೆದರಿಸಿ ಕಲಿಸಿದ್ದು ಅದು. ಆ ಚಾಳಿಯಿಂದಲೇ ಕ್ರೊಯೇಷಿಯಾದಲ್ಲಿ ಒಂದು ಸ್ಟೇಷನ್ ಮೊದಲೇ ಇಳಿದೆ. ನಾನು ಹೋಗಬೇಕಿದ್ದದ್ದು ಒಗುಲಿನ್ ಎಂಬ ಬೆಟ್ಟದ ಬುಡದ ಊರಿಗೆ. ಟಿಕೆಟ್ ನೋಡುವವರು "ಒ..." ಅಂದದ್ದಷ್ಟೇ ಕಿವಿಗೆ ಬಿತ್ತು, ಇಳಿದೇಬಿಟ್ಟೆ. ರೈಲು ಹೋದ ಮೇಲೆ ಬೋರ್ಡು ಓದಿದರೆ ಒಷ್ಟಾರಿಯೆ.

ಪರವಾಗಿಲ್ಲ, ಇದೂ ಜಂಕ್ಷನ್ನೇ ಅಂತ ಮೊದಲು ಸಮಾಧಾನ ಮಾಡಿಕೊಂಡೆ. ಕಡಲ ತೀರದ ರಿಯೆಕಾಗೆ ಹೋಗುವ ಹಳಿ ಹಾಕಿದ್ದು 1873ರಲ್ಲಿ. ಸ್ಪ್ಲಿಟ್ ಕಡೆ ಹೋಗುವ ಹಳಿ ಕವಲೊಡೆಯುವುದು ಈ ಒಷ್ಟಾರಿಯೆಯಲ್ಲೇ. ಆದರೆ ನಾನು ಅರಸೀಕೆರೆ ಜಂಕ್ಷನ್ ನೋಡಿ ಬೆಳೆದವನು. ಜಂಕ್ಷನ್ ಅಂದಮೇಲೆ ವಡೆ ಇರಬೇಕು, ಟೀ ಇರಬೇಕು, ಕಡೇಪಕ್ಷ ಮಲಗಿರುವ ನಾಯಿಯಾದರೂ ಇರಬೇಕು. ಇಲ್ಲಿ ನವೆಂಬರ್ ತಿಂಗಳ ಮಂಜು ಬಿಟ್ಟರೆ ಇದ್ದವನು ನಾನೊಬ್ಬನೇ.

ಒಗುಲಿನ್ ಐದಾರು ಕಿಲೋಮೀಟರ್. ನಡೆಯೋಣ ಅಂತ ಹೊರಟೆ. ಜಿಟಿಜಿಟಿ ಮಳೆ ಶುರುವಾಯಿತು. ಹಿಂದಿನಿಂದ ಟ್ರ್ಯಾಕ್ಟರ್ ಒಂದು ಬಂದು ನಿಂತಿತು. ಓಡಿಸುತ್ತಿದ್ದ ಹಿರಿಯರು ಒಂದು ಮಾತೂ ಆಡದೆ ಹೆಬ್ಬೆರಳಲ್ಲಿ ಹಿಂದಿನ ಟ್ರೈಲರ್ ತೋರಿಸಿದರು. ಅದರ ತುಂಬ ಎಲೆಕೋಸು. ಒಂದೊಂದೂ ಫುಟ್‌ಬಾಲ್‌ಗಿಂತ ದೊಡ್ಡದು. ಹತ್ತಿ ಕೂತೆ, ಟ್ರ್ಯಾಕ್ಟರ್ ಹೊರಟಿತು, ಕೋಸು ಉರುಳಿತು, ನಾನೂ ಉರುಳಿದೆ. ಒಗುಲಿನ್ ಪಟ್ಟಣಕ್ಕೆ ನಾನು ಪ್ರವೇಶ ಮಾಡಿದ್ದು ಹೀಗೆ, ಸೊಂಟದವರೆಗೆ ಕೋಸಿನಲ್ಲಿ ಹೂತುಕೊಂಡು, ಬ್ಯಾಗನ್ನು ಕೂಸಿನ ಹಾಗೆ ತಬ್ಬಿಕೊಂಡು.

ರೂಮು ಕೊಟ್ಟಿದ್ದ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ಅಜ್ಜಿಗೆ ಅಲ್ಲಿ ಬಾಕಾ ಅಂತಾರೆ. ನಮ್ಮ ಪದ್ಧತಿಯಂತೆ ಶೂ ಸಾಕ್ಸು ಎರಡೂ ಕಳಚಿ ಬರಿಗಾಲಲ್ಲಿ ಒಳಗೆ ಕಾಲಿಟ್ಟೆ, ಮೆಚ್ಚಿಕೊಳ್ತಾರೆ ಅಂತ. ಬಾಕಾ ಹಾವು ಕಂಡವರ ಹಾಗೆ ಕಿರುಚಿದರು. "ಸಿನೆ! ಪಾಪುಚೆ!" ಸಿನೆ ಅಂದ್ರೆ ಮಗನೇ. ಪಾಪುಚೆ ಅಂದ್ರೆ ಮನೆಯೊಳಗೆ ಹಾಕೋ ಚಪ್ಪಲಿ. ಬರಿಗಾಲಲ್ಲಿ ತಣ್ಣನೆ ನೆಲ ತುಳಿದರೆ ಕಿಡ್ನಿಗೆ ಶೀತ ಆಗುತ್ತದೆ ಅನ್ನೋದು ಆ ಕಡೆಯವರ ಗಟ್ಟಿ ನಂಬಿಕೆ. ಎದುರುಬದುರು ಎರಡು ಕಿಟಕಿ ತೆಗೆದರಂತೂ ಮುಗೀತು, ಆ ಗಾಳಿಗೆ ಪ್ರೊಪುಹ್ ಅಂತ ಒಂದು ಹೆಸರೇ ಇದೆ, ಕತ್ತು ಹಿಡಿಯುವುದರಿಂದ ಹಿಡಿದು ಎಲ್ಲ ಕಾಯಿಲೆಗೂ ಅದೇ ಕಾರಣ. ನಮ್ಮಜ್ಜಿ ಇದ್ದಿದ್ದರೆ ಇವರಿಬ್ಬರಿಗೂ ಚೆನ್ನಾಗಿ ಕೂಡಿಬರುತ್ತಿತ್ತು. ಬಾಕಾ ಕೊಟ್ಟ ಪಾಪುಚೆ ಗುಲಾಬಿ ಬಣ್ಣದ್ದು, ಮೇಲೆ ಉಣ್ಣೆಯ ಗೊಂಡೆ ಬೇರೆ. ಹಾಕ್ಕೊಂಡೆ.

ನಾನಿರುವ ರಾಜಧಾನಿ ಝಾಗ್ರೆಬ್‌ನಿಂದ ಅಷ್ಟು ದೂರ ಹೋದದ್ದು ಒಂದು ಹೊಳೆ ನೋಡಲು. ಹೊಳೆಯ ಹೆಸರು ದೊಬ್ರಾ. ಒಳ್ಳೆಯವಳು ಅಂತ ಅರ್ಥ. ಈ ಒಳ್ಳೆಯವಳು ಬೆಟ್ಟದಿಂದ ಇಳಿದು ಬಂದು, ಊರ ನಟ್ಟನಡುವೆ, ಕೋಟೆಯ ಪಕ್ಕದಲ್ಲೇ ಒಂದು ಪ್ರಪಾತಕ್ಕೆ ಇಳಿದು ಮಾಯವಾಗುತ್ತಾಳೆ. ನೆಲವೆಲ್ಲ ಸುಣ್ಣಕಲ್ಲು. ನೀರು ಅದನ್ನು ಕರಗಿಸಿ ಕರಗಿಸಿ ಒಳಗೇ ದಾರಿ ಮಾಡಿಕೊಂಡಿದೆ. ಊರಿನ ಕೆಳಗೆ 16 ಕಿಲೋಮೀಟರಿಗೂ ಜಾಸ್ತಿ ಉದ್ದದ ಗುಹೆಗಳಿವೆ. ಹೊಳೆ ಆಮೇಲೆ ಗೋಯಾಕ್ ಎಂಬಲ್ಲಿ ಏನೂ ಆಗಿಲ್ಲ ಎಂಬಂತೆ ಹೊರಗೆ ಬರುತ್ತದೆ.

ಪ್ರಪಾತಕ್ಕೆ ಜೂಲಿನ್ ಪೊನೊರ್ ಅಂತ ಹೆಸರು. ಜೂಲಾ ಎಂಬ ಹುಡುಗಿಯ ಕಥೆ ಅದು. ಮನೆಯವರು ಅವಳನ್ನು ಮುದುಕ ಸರದಾರನೊಬ್ಬನಿಗೆ ಗೊತ್ತು ಮಾಡಿದ್ದರಂತೆ. ಅವಳ ಮನಸ್ಸೋ, ತುರ್ಕರ ಮೇಲೆ ಕಾದಾಡಲು ಬಂದ ಮಿಲಾನ್ ಎಂಬ ಯುವಕನ ಮೇಲೆ. ಮಿಲಾನ್ ಯುದ್ಧದಲ್ಲಿ ಸತ್ತ, ಜೂಲಾ ಇಲ್ಲಿ ಹಾರಿಕೊಂಡಳು. ಎದುರಿನ ಬಂಡೆಯಲ್ಲಿ ಇವತ್ತಿಗೂ ಮಿಲಾನನ ಮುಖ ಕಾಣುತ್ತದಂತೆ. ಕಂಬಿ ಹಿಡಿದು ಅರ್ಧ ಗಂಟೆ ದಿಟ್ಟಿಸಿದೆ. ಕೊನೆಗೆ ಒಂದು ಮೂಗು, ಒಂದು ಗದ್ದ ಸಿಕ್ಕಿತು, ಇಪ್ಪತ್ತು ಫೋಟೋ ತೆಗೆದೆ. ಸಂಜೆ ಬಾಕಾನ ಮೊಮ್ಮಗನಿಗೆ ತೋರಿಸಿದರೆ ಅವನು ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಅಣ್ಣಾ, ಇದು ಬೇರೆ ಕಲ್ಲು" ಅನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದ.

ಅದಕ್ಕಿಂತ ದೊಡ್ಡ ಮೋಸ ಅಂದರೆ ಹೊಳೆಯೇ ಇರಲಿಲ್ಲ! ಕೆಳಗೆ ಒದ್ದೆ ಕಲ್ಲು, ಒಂದಿಷ್ಟು ಮರದ ಕೊಂಬೆ, ಅಷ್ಟೇ. 1959ರಲ್ಲಿ ಗೋಯಾಕ್‌ನಲ್ಲಿ ವಿದ್ಯುತ್ ಸ್ಥಾವರ ಶುರುವಾದಾಗಿನಿಂದ ದೊಬ್ರಾ ನೀರನ್ನು ಮೇಲೆಯೇ ತಡೆದು ಸುರಂಗದಲ್ಲಿ ಆ ಕಡೆ ತಿರುಗಿಸುತ್ತಾರೆ. ಜೋರು ಮಳೆ ಬಂದರೆ ಮಾತ್ರ ಹೊಳೆ ತನ್ನ ಹಳೇ ದಾರಿ ಹಿಡಿಯುತ್ತದೆ. ಜೋಗಕ್ಕೆ ಏಪ್ರಿಲ್‌ನಲ್ಲಿ ನೆಂಟರನ್ನು ಕರಕೊಂಡು ಹೋಗಿ ಬಂಡೆ ತೋರಿಸಿದ ಮನೆತನ ನಮ್ಮದು. ರಕ್ತದಲ್ಲೇ ಇದೆ ಅನ್ಸುತ್ತೆ.

ಹೊಟ್ಟೆ ಹಸಿದಿತ್ತು. ನಾನು ಸಸ್ಯಾಹಾರಿ, "ಬೆಜ್ ಮೆಸಾ", ಅಂದರೆ ಮಾಂಸ ಬೇಡ, ಅನ್ನೋದನ್ನು ಮೊದಲ ವಾರವೇ ಬಾಯಿಪಾಠ ಮಾಡಿದ್ದೆ. ಬಾಕಾ ತಲೆಯಾಡಿಸಿ ಬೀನ್ಸ್ ಕಾಳಿನ ಸಾರು ತಂದಿಟ್ಟರು. ಹಬೆಯಾಡುತ್ತಿತ್ತು, ಘಮಘಮ. ಎರಡನೇ ಚಮಚದಲ್ಲಿ ಗುಲಾಬಿ ಬಣ್ಣದ ತುಣುಕೊಂದು ತೇಲಿತು. "ಇದು ಮಾಂಸ ಅಲ್ವಾ?" "ಛೆ ಛೆ, ಅದು ಮಾಂಸ ಅಲ್ಲ ಮಗನೇ, ಶ್ಪೆಕ್!" ಹೊಗೆಯಲ್ಲಿ ಒಣಗಿಸಿದ ಹಂದಿ ಕೊಬ್ಬು ಅದು. ಅವರ ಲೆಕ್ಕದಲ್ಲಿ ಒಗ್ಗರಣೆ. ಒಗ್ಗರಣೆಯನ್ನು ಯಾರಾದರೂ ತರಕಾರಿ ಅಂತ ಎಣಿಸ್ತಾರಾ, ಹಾಗೆ. ಆ ರಾತ್ರಿ ಬ್ರೆಡ್ಡು, ಚೀಸು, ಮತ್ತೆ ಒಂದು ತಟ್ಟೆ ಹುಳಿ ಕೋಸು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಈ ಕೋಸೇ ಆ ಊರಿನ ಪ್ರಾಣ. ಇಡೀ ಇಡೀ ಕೋಸನ್ನು ದಂಟು ಕೊರೆದು, ಉಪ್ಪು ತುಂಬಿ, ಪೀಪಾಯಿಯಲ್ಲಿ ಒತ್ತೊತ್ತಾಗಿ ಜೋಡಿಸಿ, ಮೇಲೆ ಹಲಗೆ ಇಟ್ಟು ಕಲ್ಲು ಹೇರುತ್ತಾರೆ. ಅದು ತನ್ನ ನೀರಲ್ಲೇ ಮುಳುಗಿ ವಾರಗಟ್ಟಲೆ ಹುಳಿಯುತ್ತದೆ. ಎಲೆ ತೆಳ್ಳಗೆ, ಹಳದಿ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ನರ ಕಾಣುವಷ್ಟಾಗುತ್ತದೆ, ಆದರೆ ಹರಿಯುವುದಿಲ್ಲ. ಅದರಲ್ಲಿ ಕೊಚ್ಚಿದ ಮಾಂಸ ಸುತ್ತಿ ಬೇಯಿಸಿದರೆ ಸರ್ಮಾ. ಒಗುಲಿನ್ ಹುಳಿ ಕೋಸು ಎಂಬ ಹೆಸರಿಗೆ ಯುರೋಪಿಯನ್ ಒಕ್ಕೂಟದ ರಕ್ಷಣೆ ಇದೆ, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಇರುವ ಹಾಗೆ. ಬಾಕಾ ನೆಲಮಾಳಿಗೆಯ ಪೀಪಾಯಿ ತೋರಿಸಲು ಕರಕೊಂಡು ಹೋದರು. ಮುಚ್ಚಳ ತೆಗೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಅವರು ಎರಡು ಹೆಜ್ಜೆ ಮುಂದೆ ಹೋಗಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

ಮರುದಿನ ಕೋಟೆ. ಬರ್ನಾರ್ಡಿನ್ ಫ್ರಾಂಕೊಪಾನ್ ಎಂಬ ಪಾಳೆಯಗಾರ 1500ರ ಸುಮಾರಿಗೆ ಕಟ್ಟಿಸಿದ್ದು. ತುರ್ಕರನ್ನು ತಡೆಯಲು ಕಟ್ಟಿದ ಕೋಟೆ ಆಮೇಲೆ ಜೈಲೂ ಆಯಿತು. 1927ರಲ್ಲಿ ಒಬ್ಬ ಕಾರ್ಮಿಕ ನಾಯಕನನ್ನು ಇಲ್ಲಿ ಕೂಡಿಹಾಕಿದ್ದರು. ವಿಚಾರಣೆ ಮಾಡಿ ಅಂತ ಅವನು ಉಪವಾಸ ಕೂತ. ಹೆಸರು ಯೊಸಿಪ್ ಬ್ರೋಜ್, ಮುಂದೆ ನೆಹರೂ ಪಕ್ಕದಲ್ಲಿ ನಿಂತ ಫೋಟೋಗಳಲ್ಲಿ ನಾವೆಲ್ಲ ನೋಡಿದ, ಯುಗೊಸ್ಲಾವಿಯಾ ಆಳಿದ ಟಿಟೊ. ಕೋಸಿನ ಊರಲ್ಲಿ ಉಪವಾಸ! ಈಗ ಅದೇ ಕೋಟೆಯಲ್ಲಿ ಮಕ್ಕಳ ಕಥೆಗಳ ಮನೆ ಮಾಡಿದ್ದಾರೆ. ನೊಬೆಲ್‌ಗೆ ಹಲವು ಸಲ ಹೆಸರು ಹೋದ ಕಥೆಗಾರ್ತಿ ಇವಾನಾ ಬ್ರ್ಲಿಚ್ ಮಜುರಾನಿಚ್ 1874ರಲ್ಲಿ ಹುಟ್ಟಿದ್ದು ಈ ಊರಲ್ಲೇ.

ಕೋಟೆ ನೋಡಿದ ಮೇಲೆ ಮೊಮ್ಮಗ ಕಾಫಿಗೆ ಕರೆದ. ನಾನು ದರ್ಶಿನಿಯಲ್ಲಿ ನಿಂತು ಕುಡಿದು ಅಭ್ಯಾಸ ಇರುವವನು, ಮೂರು ನಿಮಿಷದಲ್ಲಿ ಮುಗಿಸಿ ಎದ್ದು ನಿಂತೆ. ಅವನ ಮುಖ ಸಪ್ಪಗಾಯಿತು. ಏನಾದರೂ ತಪ್ಪಾಯಿತಾ ಅಂತ ಕೇಳಿದ. ಅಲ್ಲಿ ಕಾಫಿಗೆ ಹೋಗುವುದು ಅಂದರೆ ಎರಡು ಗಂಟೆ ಕೂತು ಮಾತಾಡುವುದು, ಕಪ್ಪು ಸುಮ್ನೆ ನೆಪಕ್ಕೆ. ಮತ್ತೆ ಕೂತೆ, ಇನ್ನೊಂದು ಹೇಳಿದೆ, ಗುಬ್ಬಿ ಕುಡಿಯೋ ಹಾಗೆ ಕುಡಿದೆ. ಅವನು ಮಂಜಿನೊಳಗೆ ಕೈ ತೋರಿಸಿ, ಅಲ್ಲಿ ಕ್ಲೆಕ್ ಬೆಟ್ಟ ಇದೆ ಅಂದ. 1181 ಮೀಟರ್. ಮಲಗಿದ ರಾಕ್ಷಸನ ಹಾಗೆ ಕಾಣುತ್ತದೆ, ಬಿರುಗಾಳಿಯ ರಾತ್ರಿ ಮಾಟಗಾತಿಯರು ಪೊರಕೆ ಹತ್ತಿ ಅದರ ತುದಿಗೆ ಬಂದು ಕುಣಿಯುತ್ತಾರೆ. ನನಗೆ ಬರೀ ಬಿಳೀ ಗೋಡೆ ಕಂಡಿತು. ಹೊಳೆ ಇಲ್ಲ, ಮುಖ ಇಲ್ಲ, ಈಗ ಬೆಟ್ಟವೂ ಇಲ್ಲ. "ಚೆನ್ನಾಗಿದೆ" ಅಂದೆ.

ಆ ರಾತ್ರಿ ಮಳೆ ಹುಯ್ಯಿತು ನೋಡಿ, ಮಲೆನಾಡಿನ ಜುಲೈ ತಿಂಗಳ ಹಾಗೆ. ಬೆಳಗ್ಗೆ ಆರಕ್ಕೆ ಬಾಕಾ ಬಾಗಿಲು ಬಡಿದು "ದೊಬ್ರಾ! ದೊಬ್ರಾ!" ಅಂದರು. ಒಳ್ಳೇದು ಒಳ್ಳೇದು ಅಂತಿದ್ದಾರೆ, ಮುಂಜಾನೆಯ ಶುಭಾಶಯ ಇರಬೇಕು ಅಂತ ನಾನೂ "ದೊಬ್ರಾ" ಅಂದು ಮುಸುಕೆಳೆದುಕೊಂಡೆ. ಅವರು ಮುಸುಕು ಕಿತ್ತು ಕಿಟಕಿ ತೋರಿಸಿದರು. ದೂರದಲ್ಲಿ ರೈಸ್ ಮಿಲ್ ಓಡುವಂಥ ಸದ್ದು. ಓಡಿದೆ. ಕಂದು ಬಣ್ಣದ ನೀರು ಮರದ ದಿಮ್ಮಿಗಳನ್ನು ಎತ್ತಿಕೊಂಡು ಬಂದು ಆ ಕಲ್ಲಿನ ಬಾಯಿಗೆ ನುಗ್ಗುತ್ತಿತ್ತು. ಅರ್ಧ ಊರೇ ಕೊಡೆ ಹಿಡಿದು ಕಂಬಿಗೆ ಆತು ನಿಂತಿತ್ತು, ಕೆಆರ್‌ಎಸ್ ಗೇಟು ತೆಗೆದಾಗ ನಿಲ್ಲುವ ಹಾಗೆ. ಪಕ್ಕದಲ್ಲಿದ್ದ ಹೆಂಗಸರೊಬ್ಬರು ನನ್ನ ಕಾಲು ನೋಡಿ ನಗು ತಡೆದುಕೊಂಡರು. ಗುಲಾಬಿ ಪಾಪುಚೆ, ಗೊಂಡೆ ಸಮೇತ, ಪೂರಾ ಒದ್ದೆ. ಫೋನು ರೂಮಿನಲ್ಲಿತ್ತು. ಹೀಗಾಗಿ ಹೊಳೆಯದು ಒಂದೂ ಫೋಟೋ ಇಲ್ಲ, ಬೇರೆ ಕಲ್ಲಿನವು ಇಪ್ಪತ್ತಿವೆ.

ಹೊರಡುವಾಗ ಬಾಕಾ ಎರಡು ಹುಳಿ ಕೋಸು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟರು. ಬೇಡ ಅಂದರೆ ಬಿಡುವ ಜನ ಅಲ್ಲ. ರೈಲಿನಲ್ಲಿ ಮೇಲಿನ ಸ್ಟ್ಯಾಂಡಿನಲ್ಲಿ ಇಟ್ಟೆ. ಕಾರ್ಲೊವಾತ್ಸ್ ದಾಟುವಾಗ ಕೆಳಗೆ ಕೂತಿದ್ದವರ ತಲೆಯ ಮೇಲೆ ಒಂದು ಹನಿ ಬಿತ್ತು. ಅವರು ಮೇಲೆ ನೋಡಿದರು, ಬೆರಳಲ್ಲಿ ಒರೆಸಿ ಮೂಸಿದರು. ನಾನು ಕಿಟಕಿಯ ಕಡೆ ತಿರುಗಿ ಸುಣ್ಣಕಲ್ಲಿನ ಭೂಗೋಳದ ಬಗ್ಗೆ ಆಳವಾಗಿ ಯೋಚಿಸತೊಡಗಿದೆ.

ಮನೆಗೆ ಬಂದು ತೊಳೆಯದೇ ಹೆಚ್ಚಿ, ಸಾಸಿವೆ, ಇಂಗು, ಕಡಲೆಬೇಳೆ ಹಾಕಿ ಪಲ್ಯ ಮಾಡಿದೆ. ಕೈ ತನ್ನಷ್ಟಕ್ಕೆ ಉಪ್ಪು ಹಾಕಿತು, ನಿಂಬೆಹಣ್ಣೂ ಹಿಂಡಿತು. ಒಂದು ತುತ್ತಿಗೇ ಕಿವಿಯ ಹಿಂದೆ ಜುಮ್ ಅಂತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. "ಕೋಸು ತರೋಕೆ ಅಷ್ಟು ದೂರ ಹೋಗಿದ್ಯೇನೋ? ಹೋಗ್ಲಿ, ಅನ್ನಕ್ಕೆ ಕಲಸ್ಕೊಂಡು ಚಿತ್ರಾನ್ನ ಅಂದ್ಕೋ" ಅಂದರು. ಎರಡು ಪಾವು ಅಕ್ಕಿಯ ಅನ್ನಕ್ಕೆ ಕಲಸಿದ ಮೇಲೆ ಹದಕ್ಕೆ ಬಂತು. ಮೂರು ದಿನ ತಿಂದೆ.

ಎರಡನೇ ಕೋಸು ಬಾಲ್ಕನಿಯಲ್ಲಿತ್ತು. ನಿನ್ನೆ ಮೇಲಿನ ಮನೆಯವರು ಬೆಲ್ ಮಾಡಿದರು. ವಾಸನೆಗೆ ಬೈಯಲು ಬಂದಿದ್ದಾರೆ ಅಂತ ಕ್ಷಮೆ ಕೇಳುವ ವಾಕ್ಯವನ್ನು ಮನಸ್ಸಲ್ಲೇ ಜೋಡಿಸಿಕೊಂಡು ಬಾಗಿಲು ತೆಗೆದೆ. ಅವರು ಕತ್ತು ಉದ್ದ ಮಾಡಿ ಒಳಗೆ ಇಣುಕಿ, ದನಿ ತಗ್ಗಿಸಿ ಕೇಳಿದರು: "ಒಗುಲಿನ್‌ದಾ? ಅರ್ಧ ಕೊಡ್ತೀರಾ?"