ಮಾಜುಲಿ ಜಗತ್ತಿನ ಅತಿ ದೊಡ್ಡ ನದಿದ್ವೀಪವೇ?

ಅಸ್ಸಾಮಿನ ಬ್ರಹ್ಮಪುತ್ರೆಯ ನಡುವಿರುವ ಮಾಜುಲಿ ಜಗತ್ತಿನಲ್ಲೇ ಅತಿ ದೊಡ್ಡ ನದಿದ್ವೀಪ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. 2016ರಲ್ಲಿ ಗಿನ್ನೆಸ್ ದಾಖಲೆ ಸಿಕ್ಕಿದ್ದು ನಿಜ. ಆಗ ಹೇಳಿದ ವಿಸ್ತೀರ್ಣ 880 ಚದರ ಕಿ.ಮೀ. ಆದರೆ ಬ್ರೆಜಿಲ್‌ನ ಅರಾಗ್ವಾಯಾ ನದಿಯ ಬನನಾಲ್ ದ್ವೀಪ ಸುಮಾರು 19,000 ಚದರ ಕಿ.ಮೀ. ಇದೆ. ಅದೂ ನಿರ್ಜನವಲ್ಲ, ಕರಜಾ ಮತ್ತು ಜವಾಯೆ ಮೂಲನಿವಾಸಿಗಳ ನೆಲೆ.

ಮಾಜುಲಿಯ ಹಿರಿಮೆಗೆ ಈ ಅಳತೆ ಬೇಕಾಗಿಯೂ ಇಲ್ಲ. ಸಾಮಗುರಿ ಸತ್ರದಲ್ಲಿ (ಸತ್ರ ಎಂದರೆ ಅಸ್ಸಾಮಿನ ವೈಷ್ಣವ ಮಠ) ಬಿದಿರು ಹೆಣೆದು, ಬಟ್ಟೆ ಸುತ್ತಿ, ಜೇಡಿಮಣ್ಣು-ಸಗಣಿ ಮೆತ್ತಿ ಪುರಾಣ ಪಾತ್ರಗಳ ಮುಖವಾಡ ಮಾಡುತ್ತಾರೆ. ಕೆಲವದರ ದವಡೆ ನಿಜಕ್ಕೂ ಆಡುತ್ತದೆ! ಇಲ್ಲಿನ ಮಿಸಿಂಗ್ ಬುಡಕಟ್ಟು ಜನರ ಮನೆಗಳು ಕಂಬಗಳ ಮೇಲೆ ನಿಂತಿವೆ, ನೆರೆ ನೀರು ಕೆಳಗೇ ಹಾದುಹೋಗಲೆಂದು.

ನನ್ನನ್ನು ಕಾಡುವುದು ಬೇರೆಯೇ: ನೂರು ವರ್ಷದ ಹಿಂದೆ ಈ ದ್ವೀಪ ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ದಡವನ್ನು ನದಿ ಈಗಲೂ ಕೊರೆಯುತ್ತಿದೆ.