ಕೋಟಿನ ಹೆಸರಲ್ಲಿ ಬೈಗುಳ ಯಾಕೆ?

ಶನಿವಾರ ಬಿಡುವಾದರೆ ಇಂಗ್ಲೆಂಡಿನ ಕ್ರೂ ಊರಿನ ರೈಲು ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಎಂಜಿನ್ ನಂಬರ್ ಬರೆದುಕೊಳ್ಳುತ್ತೇನೆ. ಸೋಮವಾರ ಆಫೀಸಿನಲ್ಲಿ ಅದೇ ಮಾತು: "ನೀನೊಬ್ಬ ಅನೊರಾಕ್!" ಕೇಳಿ ಕೇಳಿ ಸಾಕಾಗಿದೆ.

ಅನೊರಾಕ್ ಅಂದರೆ ತಲೆ ಮುಚ್ಚುವ ಟೋಪಿಯನ್ನೂ ಸೇರಿಸಿ ಹೊಲಿದ ಜಾಕೆಟ್. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ಪದ ಅದು. ಸೀಲ್ ತೊಗಲಿನಲ್ಲಿ ಹೊಲಿದು, ಕೊರೆಯುವ ಚಳಿಯಲ್ಲಿ ಬೇಟೆಗೆ ತೊಡುತ್ತಿದ್ದ ಉಡುಪು. ಅಂಥ ಒಳ್ಳೆಯ ಪದಕ್ಕೆ ಬ್ರಿಟನ್ನಿನಲ್ಲಿ 'ಒಂದೇ ವಿಷಯದ ಹುಚ್ಚು ಹಿಡಿದವನು' ಅನ್ನುವ ಅರ್ಥ ಅಂಟಿಸಿಬಿಟ್ಟರು.

1970ರ ದಶಕದಲ್ಲಿ ರೇಡಿಯೋ ಕ್ಯಾರೊಲೈನ್ ಎಂಬ ಬಾನುಲಿ ಕೇಂದ್ರ ಸಮುದ್ರದಲ್ಲಿ ನಿಂತ ಹಡಗಿನಿಂದ ಹಾಡು ಹಾಕುತ್ತಿತ್ತು. ಅಭಿಮಾನಿಗಳು ದೋಣಿ ಹತ್ತಿ ಅದನ್ನು ನೋಡಲು ಹೋಗುತ್ತಿದ್ದರು. ಗಾಳಿ, ಅಲೆ ಜಾಸ್ತಿ ಅಂತ ಅನೊರಾಕ್ ಹಾಕಿರುತ್ತಿದ್ದರು. ಹಡಗಿನವರು ಅವರನ್ನು ಅದೇ ಹೆಸರಿನಿಂದ ಕರೆದರು. ಆಮೇಲೆ ಅದು ರೈಲು ನೋಡುವ ನಮ್ಮಂಥವರಿಗೂ ಬಂತು. ಮಳೆಯಲ್ಲಿ ಗಂಟೆಗಟ್ಟಲೆ ನಿಲ್ಲುವವರು ಇನ್ನೇನು ಹಾಕಬೇಕು ಹೇಳಿ?

1968ರಲ್ಲಿ ಸರ್ಕಾರಿ ರೈಲು ಸಂಸ್ಥೆ ಬ್ರಿಟಿಷ್ ರೈಲ್ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ ಓಡಿಸುವುದನ್ನು ನಿಲ್ಲಿಸಿತು. ವೇಲ್ಸ್‌ನ ಬ್ಯಾರಿ ಊರಿನ ಗುಜರಿ ಅಂಗಳದಲ್ಲಿ ಎಂಜಿನ್‌ಗಳು ತುಕ್ಕು ಹಿಡಿಯುತ್ತಾ ನಿಂತಿದ್ದವು. ಕೈಯಿಂದ ದುಡ್ಡು ಹಾಕಿ, ರಜೆಯಲ್ಲಿ ಬೆವರು ಸುರಿಸಿ 213 ಎಂಜಿನ್‌ಗಳನ್ನು ಅಲ್ಲಿಂದ ಉಳಿಸಿದವರು ಇದೇ ಹುಚ್ಚರು. ಇವತ್ತು ಮಕ್ಕಳನ್ನು ಉಗಿಬಂಡಿ ಹತ್ತಿಸಿ ಫೋಟೋ ತೆಗೆಯುವವರಿಗೆ ಇದು ಗೊತ್ತಿರಬೇಕು ಅಲ್ವಾ?